ಮಾಸಿದ ಬಿಲ್ಲು, ಸೋರಿದ ಸೆಲ್ಲು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಕೊಂಡು ವರ್ಷವೂ ಆಗದ ಉಪಕರಣ ಕೆಟ್ಟಿದೆ, ವಾರಂಟಿ ಇನ್ನೂ ಬಾಕಿ ಇದೆ. ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಬಿಲ್ಲಿನಲ್ಲಿ ಒಂದು ಅಕ್ಷರವೂ ಉಳಿದಿಲ್ಲ. ಏನಾದರೂ ಮಾಡಬಹುದೇ?

ಉತ್ತರ: ಜೋಪಾನ ಮಾಡಿದ್ದೇ ಮುಳುವಾಗಿದೆ. ಅಂಗಡಿಯ ಪುಟ್ಟ ಯಂತ್ರದಿಂದ ಬರುವ ಬಿಲ್ಲಿನಲ್ಲಿ ಇಂಕು ಇರುವುದೇ ಇಲ್ಲ. ಅದು ಥರ್ಮಲ್ ಕಾಗದ. ಬಣ್ಣವಿಲ್ಲದ ಒಂದು ಡೈ ಮತ್ತು ಆಮ್ಲಗುಣದ ಇನ್ನೊಂದು ರಾಸಾಯನಿಕವನ್ನು ಕಾಗದಕ್ಕೇ ಲೇಪಿಸಿರುತ್ತಾರೆ. ಪ್ರಿಂಟರಿನ ಬಿಸಿ ತಾಗಿದ ಕಡೆ ಎರಡೂ ಕರಗಿ ಬೆರೆತು ಕಪ್ಪಾಗುತ್ತವೆ. ಈ ಕೂಡಿಕೆ ಗಟ್ಟಿಯಲ್ಲ. ಪಿವಿಸಿ ಕವರನ್ನು ಮೆತ್ತಗಾಗಿಸಲು ಸೇರಿಸುವ ಪ್ಲಾಸ್ಟಿಸೈಸರ್, ಕೈಯ ಜಿಡ್ಡು, ಟೇಪಿನ ಅಂಟು, ಹೈಲೈಟರ್ ಪೆನ್ನಿನ ದ್ರಾವಕ, ಬಿಸಿಲು ಎಲ್ಲವೂ ಅದನ್ನು ಬಿಡಿಸಿ ಅಕ್ಷರವನ್ನು ಮಾಸಿಸುತ್ತವೆ.

ಮಾಸಿದ್ದನ್ನು ಓದಲು ಮೊದಲು ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಫೋನಿನ ಎಡಿಟ್‌ನಲ್ಲಿ ಕಾಂಟ್ರಾಸ್ಟ್ ಪೂರ್ತಿ ಏರಿಸಿ, ಬ್ರೈಟ್‌ನೆಸ್ ಇಳಿಸಿ. ಬರಿಗಣ್ಣಿಗೆ ಬಿಳಿಯಾಗಿ ಕಂಡ ಚೀಟಿಯಲ್ಲಿ ತಾರೀಖು, ಮೊತ್ತ ಎದ್ದು ಬರುವುದುಂಟು. ಅದೂ ಆಗದಿದ್ದರೆ ಮಾತ್ರ ಬಿಲ್ಲಿನ ಹಿಂಬದಿಗೆ ಹೇರ್ ಡ್ರೈಯರ್ ಅನ್ನು ಒಂದು ಗೇಣು ದೂರದಿಂದ ಕೆಲವು ಸೆಕೆಂಡು ಹಿಡಿಯಿರಿ. ಅಚ್ಚಾಗದ ಜಾಗ ಬೂದು ಬಣ್ಣಕ್ಕೆ ತಿರುಗಿ, ಮಾಸಿದ ಅಕ್ಷರ ಅದರ ನಡುವೆ ಬೆಳ್ಳಗೆ ಉಳಿಯಬಹುದು. ಬಿಸಿ ಹೆಚ್ಚಾದರೆ ಇಡೀ ಚೀಟಿ ಕಪ್ಪಾಗುತ್ತದೆ, ಅಲ್ಲಿಗೆ ಮುಗಿಯಿತು. ಭದ್ರವಾಗಿರಲಿ ಎಂದು ಬಿಲ್ಲಿಗೆ ಲ್ಯಾಮಿನೇಷನ್ ಮಾಡಿಸುವವರಿಗೂ ಇದೇ ಗತಿ. ಆ ಯಂತ್ರ ಬಿಸಿಯಿಂದಲೇ ಕೆಲಸ ಮಾಡುತ್ತದೆ.

ಬಿಲ್ಲೇ ಬೇಕೆಂದು ಪಟ್ಟು ಹಿಡಿದು ಕೂರಬೇಡಿ. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲು, ಜೊತೆಗೆ ಉಪಕರಣದ ಹಿಂದಿನ ಸೀರಿಯಲ್ ನಂಬರಿನ ಫೋಟೋ ಹಿಡಿದು ಹೋಗಿ. ಕೊಳ್ಳುವಾಗ ಫೋನ್ ನಂಬರ್ ಕೊಟ್ಟಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ನಕಲು ಸಿಗುವ ಸಾಧ್ಯತೆ ಚೆನ್ನಾಗಿದೆ. ಮುಂದಿನ ಸಲ ಬಿಲ್ಲು ಕೈಗೆ ಬಂದ ದಿನವೇ ಫೋಟೋ ತೆಗೆದು, ಮೂಲವನ್ನು ಕಾಗದದ ಲಕೋಟೆಯಲ್ಲಿ ಕತ್ತಲಲ್ಲಿಡಿ.


ಪ್ರಶ್ನೆ: ಟಿವಿ ರಿಮೋಟಿನಲ್ಲಿ ಸೆಲ್ ಸೋರಿ, ಸ್ಪ್ರಿಂಗಿನ ಸುತ್ತ ಬಿಳಿ ಪುಡಿ ಕಟ್ಟಿದೆ. ಹೊಸ ಸೆಲ್ ಹಾಕಿದರೂ ಕೆಲಸ ಮಾಡುತ್ತಿಲ್ಲ. ಹೊಸ ರಿಮೋಟೇ ಗತಿಯೇ?

ಉತ್ತರ: ಅವಸರ ಬೇಡ. ಪುಡಿ ಸ್ಪ್ರಿಂಗಿನ ಹತ್ತಿರವಷ್ಟೇ ಇದ್ದರೆ ಬಹುತೇಕ ಅರ್ಧ ಗಂಟೆಯಲ್ಲಿ ಸರಿಯಾಗುತ್ತದೆ. ಆದರೆ ಸೋರಿದ್ದು ಎಂಥ ಸೆಲ್ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಮದ್ದು ಬೇರೆ ಬೇರೆ. ಮೈಮೇಲೆ ಆಲ್ಕಲೈನ್ ಎಂದೋ, ಎಲ್‌ಆರ್6 ಅಥವಾ ಎಲ್‌ಆರ್03 ಎಂದೋ ಇದ್ದರೆ ಒಳಗಿರುವುದು ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಅಂದರೆ ತೀಕ್ಷ್ಣ ಕ್ಷಾರ. ಹೊರಗೆ ಬಂದು ಗಾಳಿಯ ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿ ಬಿಳಿ ಪುಡಿಯಾಗಿರುತ್ತದೆ. ಇದಕ್ಕೆ ವಿನೆಗರ್ ಅಥವಾ ನಿಂಬೆರಸ. ಮುಂದೆ ಎಲ್ ಇಲ್ಲದೆ ಬರೀ ಆರ್6, ಆರ್03 ಎಂದಿದ್ದರೆ ಅದು ಸತು-ಇಂಗಾಲದ ಸಾದಾ ಸೆಲ್. ಅದರ ರಸ ಆಮ್ಲಗುಣದ್ದು. ಅದಕ್ಕೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿದ ದ್ರಾವಣ ಬೇಕು.

ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಸೆಲ್ ತೆಗೆದು, ಒಣ ಪುಡಿಯನ್ನು ಹಳೆಯ ಟೂತ್‌ಬ್ರಷ್‌ನಿಂದ ಕಾಗದದ ಮೇಲೆ ಉದುರಿಸಿ. ಊದಬೇಡಿ, ಕಣ್ಣಿಗೇ ಹಾರುತ್ತದೆ. ಹತ್ತಿಯ ಇಯರ್ ಬಡ್ಡನ್ನು ವಿನೆಗರಿನಲ್ಲಿ (ಸಾದಾ ಸೆಲ್ಲಾದರೆ ಸೋಡಾ ದ್ರಾವಣದಲ್ಲಿ) ಅದ್ದಿ, ಹಿಂಡಿ, ಸ್ಪ್ರಿಂಗಿಗೆ ಒತ್ತಿ. ಸಣ್ಣಗೆ ನೊರೆ ಬರುತ್ತದೆ. ನೊರೆ ನಿಲ್ಲುವವರೆಗೆ ಬಡ್ ಬದಲಿಸುತ್ತಾ ಒರೆಸಿ. ಸುರಿಯುವುದು ಮಾತ್ರ ಬೇಡ. ಹನಿ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಇಳಿದರೆ ಅದೂ ಹಾಳಾಗಬಹುದು. ಆಮೇಲೆ ನೀರಿನಲ್ಲಿ ಒದ್ದೆ ಮಾಡಿದ ಬಡ್‌ನಿಂದ ಒಂದು ಸಲ, ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಇನ್ನೊಂದು ಸಲ ಒರೆಸಿ ಒಣಗಲು ಬಿಡಿ.

ಇಷ್ಟಕ್ಕೇ ನಿಲ್ಲಿಸಿ ಸೆಲ್ ಹಾಕಿ, ಆಗಲಿಲ್ಲವೆಂದು ಕೈಬಿಡುವವರು ಬಹಳ. ಪುಡಿ ಹೋದರೂ ಲೋಹದ ಮೇಲೆ ಮಂಕಾದ ಪದರ, ಕೆಲವೊಮ್ಮೆ ಹಸಿರು ಕಲೆ ಉಳಿದಿರುತ್ತದೆ. ವಿದ್ಯುತ್ತು ಅದನ್ನು ದಾಟುವುದಿಲ್ಲ. 400 ನಂಬರಿನ ಉಪ್ಪುಕಾಗದದ ಚೂರನ್ನು ಕಡ್ಡಿಗೆ ಸುತ್ತಿ, ಸೆಲ್ ತಾಗುವ ಜಾಗ ಮಿನುಗುವವರೆಗೆ ಉಜ್ಜಿ. ಸ್ಪ್ರಿಂಗ್ ಕುಗ್ಗಿ ಕೂತಿದ್ದರೆ ಚಿಮಟದಿಂದ ಸ್ವಲ್ಪ ಎಳೆಯಿರಿ. ತುಕ್ಕು ತಿಂದು ತುಂಡಾಗಿದ್ದರೆ ಹೊಸ ಸ್ಪ್ರಿಂಗ್ ಬೆಸೆಯಬೇಕಾಗುತ್ತದೆ.

ಈಗ ಹೊಸ ಸೆಲ್ ಹಾಕಿ, ರಿಮೋಟಿನ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾಗೆ ತೋರಿಸಿ ಬಟನ್ ಒತ್ತಿ. ಇನ್‌ಫ್ರಾರೆಡ್ ರಿಮೋಟಾದರೆ ಪರದೆಯಲ್ಲಿ ನೇರಳೆ-ಬಿಳಿ ಬೆಳಕು ಮಿಟುಕುತ್ತದೆ. ಹಿಂದಿನ ಕ್ಯಾಮೆರಾಗಳಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರ್ ಸಾಮಾನ್ಯ, ಹಾಗಾಗಿ ಅದರಲ್ಲಿ ಕಾಣದಿದ್ದರೆ ಗಾಬರಿ ಬೇಡ. ಕೆಲವು ಬಟನ್ನಿಗೆ ಮಾತ್ರ ಬೆಳಕು ಬಂದರೆ ದೋಷ ಸೆಲ್ಲಿನದಲ್ಲ, ಬೆಳಕು ಬಾರದ ಬಟನ್ನಿನ ಕೆಳಗಿನ ಕಪ್ಪು ಇಂಗಾಲದ ಬಿಲ್ಲೆಯದು. ರಿಮೋಟ್ ಬಿಚ್ಚಿ, ಬಿಲ್ಲೆ ಮತ್ತು ಅದು ತಾಗುವ ಬೋರ್ಡನ್ನು ಆಲ್ಕೊಹಾಲಿನಿಂದ ಒರೆಸಿದರೆ ಸಾಕು.

ಸೋರುವುದು ಯಾಕೆ ಅಂದರೆ, ಬರಿದಾದ ಸೆಲ್ ಒಳಗೇ ಉಳಿದಾಗ ಹೈಡ್ರೋಜನ್ ಅನಿಲ ಹುಟ್ಟಿ ಒತ್ತಡ ಏರುತ್ತದೆ. ಸೆಲ್ ಸಿಡಿಯದಿರಲೆಂದು ಮೈನಸ್ ತುದಿಯ ಸೀಲಿನಲ್ಲಿ ಬೇಕೆಂದೇ ತೆಳುವಾದ ಜಾಗ ಬಿಟ್ಟಿರುತ್ತಾರೆ. ಅದು ಒಡೆದು ರಸ ಹೊರಬರುತ್ತದೆ. ಪುಡಿ ಸಾಮಾನ್ಯವಾಗಿ ಸ್ಪ್ರಿಂಗಿನ ಬದಿಯಲ್ಲೇ ಕಾಣುವುದು ಅದಕ್ಕೇ. ಹಳೆಯದೊಂದು ಹೊಸದೊಂದು ಜೋಡಿಸಿದರೆ ಬಲವಾದದ್ದು ದುರ್ಬಲವಾದದ್ದನ್ನು ಉಲ್ಟಾ ದಿಕ್ಕಿಗೆ ದೂಡಿ ಇದನ್ನೇ ಬೇಗ ಮಾಡಿಸುತ್ತದೆ. ಸೆಲ್ ಹಾಕುವಾಗ ಜೋಡಿಯಾಗಿಯೇ ಬದಲಿಸಿ. ಮೀಟರ್ ಇದ್ದರೆ ಅಳೆಯಿರಿ. ಹೊಸ ಆಲ್ಕಲೈನ್ ಸೆಲ್ 1.5 ವೋಲ್ಟಿಗಿಂತ ಕೊಂಚ ಮೇಲೆ ತೋರಿಸುತ್ತದೆ, 1 ವೋಲ್ಟಿಗೆ ಇಳಿದದ್ದನ್ನು ಒಳಗಿಡುವುದರಲ್ಲಿ ಅರ್ಥವಿಲ್ಲ.


ಪ್ರಶ್ನೆ: 65 ವಾಟ್ ಚಾರ್ಜರ್ ಕೊಂಡರೂ ಫೋನ್ ಮೊದಲಿನಷ್ಟೇ ನಿಧಾನ. ಮೋಸ ಹೋದೆನೇ?

ಉತ್ತರ: ಡಬ್ಬದ ಮೇಲಿನ ವಾಟ್ ಚಾರ್ಜರ್ ಕೊಡಬಲ್ಲ ಗರಿಷ್ಠ, ಕೊಟ್ಟೇ ಕೊಡುತ್ತದೆ ಎಂದಲ್ಲ. ಎಷ್ಟು ಬೇಕೆಂದು ಕೇಳುವುದು ಫೋನು. ಯುಎಸ್‌ಬಿ-ಸಿ ಚಾರ್ಜರಿಗೂ ಫೋನಿಗೂ ಮೊದಲು ಒಂದು ಮಾತುಕತೆ ನಡೆಯುತ್ತದೆ. ಚಾರ್ಜರ್ ತನ್ನ ಬಳಿ ಇರುವ ವೋಲ್ಟೇಜುಗಳ ಪಟ್ಟಿ ಒಪ್ಪಿಸುತ್ತದೆ, ಫೋನ್ ತನಗೆ ಹೊಂದುವುದನ್ನು ಆರಿಸುತ್ತದೆ. ಇಬ್ಬರ ಭಾಷೆ ಹೊಂದದಿದ್ದರೆ 5 ವೋಲ್ಟಿಗೆ ಬಂದು ನಿಲ್ಲುತ್ತದೆ. ತಮ್ಮದೇ ವೇಗದ ಪದ್ಧತಿ ಇಟ್ಟುಕೊಂಡ ಫೋನುಗಳಿಗೆ ಬೇರೆ ಕಂಪನಿಯ ಚಾರ್ಜರ್ ಹಾಕಿದಾಗ ಆಗುವುದು ಹೆಚ್ಚಾಗಿ ಇದೇ.

ಚಾರ್ಜರಿನ ಮೈಮೇಲಿನ ಸಣ್ಣಕ್ಷರ ಓದಿ. ಔಟ್‌ಪುಟ್ ಎಂಬಲ್ಲಿ 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 3 ಆಂಪಿಯರ್, 20 ವೋಲ್ಟ್ 3.25 ಆಂಪಿಯರ್ ಎಂದೆಲ್ಲ ಇರುತ್ತದೆ. ಗುಣಿಸಿ ನೋಡಿ: 15, 27, 65 ವಾಟ್. ನಿಮ್ಮ ಫೋನ್ 9 ವೋಲ್ಟಿನವರೆಗೆ ಮಾತ್ರ ಒಪ್ಪುವುದಾದರೆ ಈ ಚಾರ್ಜರಿನಿಂದ ಸಿಗುವುದು 27 ವಾಟ್. 65 ಎಂಬುದು ಲ್ಯಾಪ್‌ಟಾಪಿಗೆ. ಎರಡು ಕಿಂಡಿಯ ಚಾರ್ಜರಾದರೆ ಎರಡನ್ನೂ ಬಳಸಿದಾಗ ಶಕ್ತಿ ಹಂಚಿಹೋಗುತ್ತದೆ.

ಇನ್ನು ಕೇಬಲ್. ಒಂದು ತುದಿ ಚಪ್ಪಟೆಯ ಹಳೆಯ ಯುಎಸ್‌ಬಿ-ಎ ಆಗಿದ್ದರೆ ಪವರ್ ಡೆಲಿವರಿ ಎಂಬ ಮಾತುಕತೆ ಅದರಲ್ಲಿ ನಡೆಯುವುದೇ ಇಲ್ಲ. ಎರಡೂ ತುದಿ ಸಿ ಇರುವ ಸಾಮಾನ್ಯ ಕೇಬಲ್ 3 ಆಂಪಿಯರ್, ಅಂದರೆ 60 ವಾಟಿನವರೆಗೆ. ಅದಕ್ಕೂ ಮೇಲೆ ಬೇಕಾದರೆ ತುದಿಯಲ್ಲಿ ಚಿಪ್ ಇರುವ 5 ಆಂಪಿಯರ್ ಕೇಬಲ್ಲೇ ಬೇಕು.

ಪತ್ತೆ ಮಾಡುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಬ್ಯಾಟರಿ 20ರಿಂದ 30 ಪ್ರತಿಶತ ಇರುವಾಗ ಪರೀಕ್ಷಿಸಿ. 80 ದಾಟಿದ ಮೇಲೆ ಎಲ್ಲ ಫೋನೂ ನಿಧಾನವೇ, ಬಿಸಿಯಾದ ಫೋನೂ ಅಷ್ಟೇ. ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಚಾರ್ಜರ್. ಕೇಬಲ್ ಪೂರ್ತಿ ಒಳಗೆ ಕೂರದೆ ಅಲುಗಾಡುತ್ತಿದ್ದರೆ ತಪ್ಪು ಇವೆರಡರದ್ದೂ ಅಲ್ಲ. ಜೇಬಿನ ನೂಲು-ಧೂಳು ಕಿಂಡಿಯ ತಳದಲ್ಲಿ ಗಟ್ಟಿಯಾಗಿ ಕೂತಿದೆ. ಫೋನ್ ಆಫ್ ಮಾಡಿ, ತೆಳುವಾದ ಮರದ ಹಲ್ಲುಕಡ್ಡಿಯಿಂದ ನಡುವಿನ ನಾಲಿಗೆಯ ಪಕ್ಕಗಳಲ್ಲಿ ಮೆಲ್ಲಗೆ ಕೆದಕಿ. ಪಿನ್ನು, ಸೂಜಿ ಮುಟ್ಟಿಸಬೇಡಿ. ಹೊರಬರುವ ಉಂಡೆ ನೋಡಿ ನಿಮಗೇ ಅಚ್ಚರಿಯಾದೀತು.


ಪ್ರಶ್ನೆ: 64 ಜಿಬಿ ಪೆನ್‌ಡ್ರೈವ್ ಕಂಪ್ಯೂಟರಿನಲ್ಲಿ 59 ಎಂದು ತೋರಿಸುತ್ತದೆ. ಜಾಗ ಖಾಲಿ ಇದ್ದರೂ 5 ಜಿಬಿಯ ವಿಡಿಯೋ ಹಾಕಲು ಹೋದರೆ ಫೈಲ್ ದೊಡ್ಡದಾಯಿತು ಎನ್ನುತ್ತದೆ.

ಉತ್ತರ: ಇವು ಎರಡು ಬೇರೆ ಕಿರಿಕಿರಿ. ತಯಾರಕರು 1 ಜಿಬಿಯನ್ನು 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1,07,37,41,824 ಬೈಟ್ ಎಂದು ಎಣಿಸಿ ಅದಕ್ಕೂ ಜಿಬಿ ಎಂದೇ ಹೆಸರಿಡುತ್ತದೆ. ಹಾಗಾಗಿ 64 ಎಂಬುದು 59.6 ಆಗುತ್ತದೆ, 1 ಟಿಬಿ 931 ಜಿಬಿ ಆಗುತ್ತದೆ. ಕಳೆದುಹೋದದ್ದೇನೂ ಇಲ್ಲ. ಒಂದೇ ಹೆಸರಿಗೆ ಎರಡು ಅಳತೆ ಇಟ್ಟುಕೊಂಡು ಕೊಳ್ಳುವವರನ್ನು ಗೊಂದಲಕ್ಕೆ ದೂಡಿದ್ದು ಮಾತ್ರ ಸರಿಯಲ್ಲ.

ಎರಡನೆಯದು ಫಾರ್ಮ್ಯಾಟಿನ, ಅಂದರೆ ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಯ ದೋಷ. ಫ್ಯಾಟ್32 ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಒಳಗಿರುವುದನ್ನು ಬೇರೆಡೆ ನಕಲು ಮಾಡಿಟ್ಟು, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್‌ನಲ್ಲಿ ಎಕ್ಸ್‌ಫ್ಯಾಟ್ ಆರಿಸಿ. ಹಳೆಯ ಟಿವಿಗಳು ಇದನ್ನು ಓದದಿರಬಹುದು. ಹೊಸ ಡ್ರೈವಿಗೆ ಹಾಕಿದ ಫೈಲುಗಳು ಕೆಲವು ಜಿಬಿ ಆದಮೇಲೆ ತೆರೆಯದೆ ಹೋದರೆ ಮಾತ್ರ ಅನುಮಾನಿಸಿ. ಒಳಗೆ ಚಿಕ್ಕ ಚಿಪ್ ಇಟ್ಟು ದೊಡ್ಡ ಸಂಖ್ಯೆ ತೋರಿಸುವ ನಕಲಿ ಡ್ರೈವ್‌ಗಳಿವೆ. ಎಫ್3, ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶಗಳು ಡ್ರೈವ್ ಪೂರ್ತಿ ಬರೆದು, ಮರಳಿ ಓದಿ ನಿಜ ಹೇಳುತ್ತವೆ. ವಾಪಸು ಕೊಡುವ ಗಡುವು ಮುಗಿಯುವ ಮುಂಚೆಯೇ ಪರೀಕ್ಷಿಸಿ.


ಪ್ರಶ್ನೆ: ಉಚಿತ ಪ್ರಯೋಗವೆಂದು ಹಾಕಿಕೊಂಡ ಆ್ಯಪನ್ನು ಎರಡನೇ ದಿನವೇ ಅಳಿಸಿದೆ. ಆದರೂ ಹಣ ಕಡಿತವಾಗಿದೆ.

ಉತ್ತರ: ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಚಂದಾ ಇರುವುದು ನಿಮ್ಮ ಖಾತೆಯಲ್ಲಿ, ಫೋನಿನಲ್ಲಲ್ಲ. ಆ್ಯಪ್ ಸ್ಟೋರ್ ಮೂಲಕ ಸೇರಿದ್ದರೆ ಸ್ಟೋರಿನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಸಬ್‌ಸ್ಕ್ರಿಪ್ಷನ್ಸ್ ಪಟ್ಟಿಗೆ ಹೋಗಿ ಅಲ್ಲೇ ರದ್ದು ಮಾಡಬೇಕು. ಪಟ್ಟಿಯಲ್ಲಿ ಹೆಸರೇ ಇಲ್ಲವೆಂದರೆ ಕಂಪನಿಯ ವೆಬ್‌ಸೈಟಿನಲ್ಲಿ ಸೇರಿದ್ದೀರಿ, ಅಲ್ಲಿ ಲಾಗಿನ್ ಆಗಬೇಕು, ಇಲ್ಲವೇ ಇನ್ನೊಂದು ಇಮೇಲಿನಿಂದ ಸೇರಿರುತ್ತೀರಿ. ಯಾವುದೆಂದು ತಿಳಿಯಲು ಹಣ ಕಡಿತವಾದ ಸ್ಟೇಟ್‌ಮೆಂಟಿನ ಸಾಲು ನೋಡಿ. ಅಲ್ಲಿ ಸ್ಟೋರಿನ ಹೆಸರಿದೆಯೋ ಕಂಪನಿಯದೋ ಎಂಬುದೇ ಸುಳಿವು. ಈಗಾಗಲೇ ಹೋದ ಹಣಕ್ಕೆ ತಡಮಾಡದೆ ಅದೇ ಕಡೆ ರೀಫಂಡ್ ಅರ್ಜಿ ಹಾಕಿ. ದಿನ ಕಳೆದಷ್ಟೂ ಸಿಗುವ ಸಾಧ್ಯತೆ ಕಡಿಮೆ.

ರದ್ದು ಮಾಡುವ ಪುಟದಲ್ಲಿ ದೊಡ್ಡದಾಗಿ ಬಣ್ಣ ತುಂಬಿದ ಬಟನ್ ಸಾಮಾನ್ಯವಾಗಿ ಮುಂದುವರಿಸಿ ಎನ್ನುವುದು. ನಿಮಗೆ ಬೇಕಾದದ್ದು ಅದರ ಕೆಳಗೆ ಬೂದು ಬಣ್ಣದಲ್ಲಿ ಅಡಗಿರುತ್ತದೆ. ಎರಡು ಮೂರು ಸಲ ಖಚಿತವೇ ಎಂದು ಕೇಳಿ, ರಿಯಾಯಿತಿ ತೋರಿಸಿ, ನಡುವೆಯೇ ಮುಗಿಯಿತೆಂಬ ಭಾವನೆ ಹುಟ್ಟಿಸುತ್ತವೆ. ಯಾವ ತಾರೀಖಿಗೆ ಕೊನೆಗೊಳ್ಳುತ್ತದೆ ಎಂಬ ಸಾಲು ಕಾಣುವವರೆಗೆ ರದ್ದಾಗಿಲ್ಲವೆಂದೇ ತಿಳಿಯಿರಿ. ಆ ಪುಟದ ಸ್ಕ್ರೀನ್‌ಶಾಟ್ ಇರಲಿ. ಮುಂದೆ ಇಂಥದಕ್ಕೆ ಸೇರಿದಾಗ ಗಡುವಿಗೆ ಎರಡು ದಿನ ಮುಂಚೆಯೇ ಅಲಾರಾಂ ಇಡಿ. ಕೊನೆಯ 24 ಗಂಟೆಯೊಳಗೆ ರದ್ದು ಮಾಡಿದರೂ ಕಡಿತ ಆಗಿಬಿಡುವುದುಂಟು.


ಪ್ರಶ್ನೆ: ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಬರುವ ಸಾಮಾನು ಬಿಚ್ಚುವಾಗ ಪ್ರತಿ ಸಲವೂ ಕೈ ಕೊಯ್ದುಕೊಳ್ಳುತ್ತೇನೆ.

ಉತ್ತರ: ಸುಲಭವಾಗಿ ಬಿಚ್ಚಬಾರದೆಂದೇ ಮಾಡಿದ ಕಟ್ಟು ಅದು, ಅಂಗಡಿಯಲ್ಲೇ ಯಾರೂ ಬಿಡಿಸಿ ಕದಿಯದಿರಲೆಂದು. ಅಂಚನ್ನು ಬೆಸೆದಿರುವುದರಿಂದ ಉಗುರಿಗಾಗಲಿ ಎಳೆತಕ್ಕಾಗಲಿ ಜಗ್ಗುವುದಿಲ್ಲ. ಚಾಕು ಜಾರಿ ಕಟ್ಟು ಹಿಡಿದ ಕೈಗೇ ಬರುತ್ತದೆ. ಬಲವಾದ ಕತ್ತರಿ ಹಿಡಿದು, ಬೆಸುಗೆ ಇರುವ ಅಂಚನ್ನು ಬಿಟ್ಟು ಅದರ ಒಳಗಡೆಯಿಂದ ಮೂರು ಬದಿ ಕತ್ತರಿಸಿ, ಪುಸ್ತಕದಂತೆ ತೆರೆಯಿರಿ. ಒಂದೇ ಬದಿ ಕತ್ತರಿಸಿ ಕೈ ತೂರಿಸಿದರೆ ಕತ್ತರಿಸಿದ ಅಂಚೇ ಬ್ಲೇಡಾಗುತ್ತದೆ. ಗಾಯಗಳು ಬಹುಪಾಲು ಆಗುವುದು ಹೀಗೆ. ಕತ್ತರಿ ಹಾಕುವ ಮುಂಚೆ ಬೆಳಕಿಗೆ ಹಿಡಿದು, ವೈರು ಅಥವಾ ಸೂಚನೆಯ ಹಾಳೆ ಅಂಚಿನ ಹತ್ತಿರ ಮಡಿಸಿಕೊಂಡಿದೆಯೇ ನೋಡಿ. ಸಾಮಾನು ವಾಪಸು ಕೊಡಬೇಕಾದೀತು ಎಂಬ ಅನುಮಾನವಿದ್ದರೆ, ಹಿಂಬದಿಯಲ್ಲಿ ರಟ್ಟಿದ್ದರೆ ಅದನ್ನು ಮಾತ್ರ ಸೀಳಿ ತೆಗೆಯಿರಿ. ಬಾರ್‌ಕೋಡ್ ಇರುವ ಭಾಗ ಹಾಳಾಗದಿರಲಿ.