ಇವತ್ತೇನು ವಿಶೇಷ? ಉಡುಪಿನ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 41 ವರ್ಷ. ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ಕೆಲಸಕ್ಕೆ ಸೇರಿದಾಗಿನಿಂದಲೂ ಬಣ್ಣ ಮಾಸಿದ ಸಡಿಲವಾದ ಅಂಗಿ, ಹವಾಯಿ ಚಪ್ಪಲಿಯಲ್ಲೇ ಕಚೇರಿಗೆ ಹೋಗಿ ಅಭ್ಯಾಸ. ಯುಗಾದಿಗೆ ನನ್ನ ಪತ್ನಿ ತಂದ ತಿಳಿನೀಲಿ ಅಂಗಿಯನ್ನು ಇಸ್ತ್ರಿ ಮಾಡಿಸಿ, ಇನ್‌ಶರ್ಟ್ ಮಾಡಿ, ಶೂ ಹಾಕಿಕೊಂಡು ಒಂದು ಸೋಮವಾರ ಹೋದೆ. "ಏನ್ ಸಾರ್, ಇವತ್ತೇನು ವಿಶೇಷ? ಮ್ಯಾನೇಜರ್ ಆಗ್ಬಿಟ್ರಾ?" ಎಂದು ಸಂಜೆಯವರೆಗೂ ಕೇಳಿದರು. ಮರುದಿನವೇ ಹಳೆಯ ಅಂಗಿಗೆ ಮರಳಿದೆ. ನೀಟಾಗಿ ಹೋಗಬೇಕೆಂಬ ಆಸೆ ಇದೆ, ಆದರೆ ಈ ವಯಸ್ಸಿನಲ್ಲಿ ಇದು ಶೋಕಿ ಎನಿಸೀತೇ ಎಂಬ ಸಂಕೋಚ. ಏನು ಮಾಡಲಿ? (ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ಸಹೋದ್ಯೋಗಿಗಳು ಕೇಳಿದ ಮಾತನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಅಂಗಿ ಚೆನ್ನಾಗಿಲ್ಲವೆಂದು ಯಾರೂ ಹೇಳಲಿಲ್ಲ, ನಿಮಗೆ ಒಪ್ಪುವುದಿಲ್ಲವೆಂದೂ ಹೇಳಲಿಲ್ಲ. ಅವರು ಕೇಳಿದ್ದು ಕಾರಣವನ್ನು ಮಾತ್ರ. ನಮ್ಮ ಕಡೆ ಒಳ್ಳೆಯ ಬಟ್ಟೆಗೆ ಹಬ್ಬವೋ ಮದುವೆಯೋ ಗೃಹಪ್ರವೇಶವೋ ಏನಾದರೊಂದು ನೆಪ ಇರಲೇಬೇಕೆಂದು ಎಲ್ಲರೂ ತಿಳಿದಿರುವುದರಿಂದ, ಬರೀ ಸೋಮವಾರವೊಂದರಲ್ಲಿ ಇಸ್ತ್ರಿಯ ಅಂಗಿ ಕಂಡರೆ ಆ ನೆಪ ಯಾವುದೆಂದು ಹುಡುಕುತ್ತಾರೆ. ನೀವು ಮಂಗಳವಾರವೂ ಹಾಗೆಯೇ ಹೋಗಿದ್ದರೆ ಪ್ರಶ್ನೆ ಅರ್ಧಕ್ಕೆ ಇಳಿಯುತ್ತಿತ್ತು. ಎರಡು ವಾರ ಹೋಗಿದ್ದರೆ ಅದೇ ನಿಮ್ಮ ರೀತಿ ಎಂದು ಒಪ್ಪಿಕೊಂಡು ಸುಮ್ಮನಾಗುತ್ತಿದ್ದರು. ಮರುದಿನವೇ ಹಿಂದಿರುಗಿದ್ದರಿಂದ ಆ ಸೋಮವಾರ ನಿಜವಾಗಿಯೂ ಏನೋ ವಿಶೇಷವಿತ್ತು ಎಂದು ನೀವೇ ಅವರಿಗೆ ಒಪ್ಪಿಸಿದಂತಾಯಿತು. ಆದ್ದರಿಂದ ಧೈರ್ಯ ಬಂದ ಮೇಲೆ ಹಾಕಿಕೊಳ್ಳುತ್ತೇನೆಂದು ಕಾಯಬೇಡಿ. ಹತ್ತು ಸಲ ಹಾಕಿಕೊಂಡ ಅಂಗಿಯಲ್ಲಿ ಮೈ ತಾನಾಗಿಯೇ ಸಲೀಸಾಗುತ್ತದೆ.

ಆದರೆ ಒಂದು ತಪ್ಪು ಆಗಿದೆ, ಅದನ್ನೂ ಹೇಳಬೇಕು. ಅಂಗಿ, ಇಸ್ತ್ರಿ, ಇನ್‌ಶರ್ಟ್, ಶೂ, ಈ ನಾಲ್ಕನ್ನೂ ನೀವು ಒಂದೇ ದಿನ ಬದಲಾಯಿಸಿದಿರಿ. ಈ ಸಲ ಒಂದೊಂದಾಗಿ ಬದಲಾಯಿಸಿ, ಮತ್ತು ಯಾರಿಗೂ ಎದ್ದು ಕಾಣದ ಕಡೆಯಿಂದ ಆರಂಭಿಸಿ. ಮನೆಯಲ್ಲಿರುವ ಅಂಗಿಗಳನ್ನೆಲ್ಲ ಒಮ್ಮೆ ತೊಟ್ಟು ಕನ್ನಡಿಯ ಮುಂದೆ ನಿಲ್ಲಿ. ತೋಳು ಸೇರುವ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿಯೇ ಇರಬೇಕು. ಅದು ಕೆಳಗೆ ಜಾರಿ ತೋಳಿನ ಮೇಲೆ ಕುಳಿತಿದ್ದರೆ ಎಷ್ಟು ಬೆಲೆಯ ಬಟ್ಟೆಯಾದರೂ ಎರವಲು ತಂದಂತೆ ಕಾಣುತ್ತದೆ, ಮತ್ತು ಅದನ್ನು ಸರಿಪಡಿಸುವುದು ಟೈಲರಿಗೂ ಕಷ್ಟ. ಭುಜ ಸರಿಯಾಗಿದ್ದು ಹೊಟ್ಟೆ, ಪಕ್ಕೆಗಳಲ್ಲಿ ಮಾತ್ರ ಸಡಿಲವಿರುವ ಅಂಗಿಗಳನ್ನು ಬೇರೆ ತೆಗೆದಿಟ್ಟು ಆಲ್ಟ್ರೇಷನ್ ಮಾಡಿಸಿ. ಪಕ್ಕದ ಹೊಲಿಗೆ ಹಿಡಿಸುವುದು, ತುಂಬುತೋಳನ್ನು ಮಣಿಕಟ್ಟಿನ ಮೂಳೆಯವರೆಗೆ ಮೋಟು ಮಾಡಿಸುವುದು, ಹಿಮ್ಮಡಿಯಡಿ ಸಿಕ್ಕಿಕೊಳ್ಳುವ ಪ್ಯಾಂಟಿನ ಅಂಚನ್ನು ಪಾದರಕ್ಷೆಯ ಮೇಲೆ ಒಂದು ಸಣ್ಣ ಮಡಿಕೆ ಬೀಳುವಷ್ಟಕ್ಕೆ ನಿಲ್ಲಿಸುವುದು, ಇಷ್ಟು ನಿಮ್ಮ ಊರಿನ ಯಾವ ಟೈಲರ್ ಅಂಗಡಿಯಲ್ಲಾದರೂ ಆಗುವ ಕೆಲಸ. ಅಂಗಿ ಅದೇ ಹಳೆಯದಾದ್ದರಿಂದ ಯಾರೂ ಏನೂ ಕೇಳುವುದಿಲ್ಲ, ಆದರೆ ನೀವು ಬೇರೆಯಾಗಿ ಕಾಣುತ್ತೀರಿ.

ಎರಡನೆಯದು ಇಸ್ತ್ರಿ. ಈ ವಿಷಯದಲ್ಲಿ ನನಗೆ ನನ್ನ ತಂದೆಯವರ ನೆನಪಾಗುತ್ತದೆ. ಪ್ರೌಢಶಾಲೆಯ ಮೇಷ್ಟರಾಗಿದ್ದ ಅವರಿಗೆ ಇದ್ದದ್ದು ಎರಡೇ ಬಿಳಿ ಅಂಗಿ. ಒಗೆದ ಅಂಗಿಯನ್ನು ಕೊನೆಯ ನೀರಿನಲ್ಲಿ ಒಂದು ಹನಿ ನೀಲಿ ಹಾಕಿ ಹಿಂಡಿ, ಸೋಸಿದ ಅನ್ನದ ಗಂಜಿಯಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ಮನೆಯಲ್ಲಿರಲಿಲ್ಲ. ಹಿತ್ತಾಳೆ ತಂಬಿಗೆಗೆ ಒಲೆಯ ಕೆಂಡ ತುಂಬಿ, ಅದರ ಕುತ್ತಿಗೆಯನ್ನು ಒದ್ದೆ ಬಟ್ಟೆಯಿಂದ ಹಿಡಿದು, ಕಾಲರಿನಿಂದ ಶುರುಮಾಡಿ ಉಜ್ಜುತ್ತಿದ್ದರು. ಪ್ಯಾಂಟನ್ನು ಗೆರೆಗೆ ಗೆರೆ ಸೇರಿಸಿ ಮಡಚಿ ಹಾಸಿಗೆಯಡಿ ಇಟ್ಟು ಮಲಗುವರು. ಅವರನ್ನು ಶೋಕಿಯ ಮನುಷ್ಯ ಎಂದು ಊರಿನಲ್ಲಿ ಒಬ್ಬರೂ ಅನ್ನಲಿಲ್ಲ, ಏಕೆಂದರೆ ಅವರು ಎಲ್ಲ ದಿನವೂ ಹಾಗೆಯೇ ಇದ್ದರು.

ಶೋಕಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನೂ ಗಮನಿಸಿ. ಸಾಲದ ಅರ್ಜಿ ಹಿಡಿದು ನಿಮ್ಮ ಕೌಂಟರಿಗೆ ಬರುವ ರೈತರು ಹೊಲದಲ್ಲಿ ತೊಡುವ ಬಟ್ಟೆಯಲ್ಲಿ ಬರುವುದಿಲ್ಲ. ಬೆಳ್ಳಗೆ ಒಗೆದ ಪಂಚೆಯುಟ್ಟು, ಹೆಗಲ ಮೇಲೆ ಮಡಿಸಿದ ಟವೆಲ್ ಹಾಕಿಕೊಂಡು, ತಲೆ ಬಾಚಿಕೊಂಡು ಬರುತ್ತಾರೆ. ಅವರು ಕಚೇರಿಗೆ ಕೊಡುತ್ತಿರುವ ಮರ್ಯಾದೆ ಅದು. ಕೌಂಟರಿನ ಈ ಕಡೆ ಕುಳಿತ ನೀವು ಇಸ್ತ್ರಿಯ ಅಂಗಿ ತೊಟ್ಟರೆ ಆ ಮರ್ಯಾದೆಯನ್ನು ಅವರಿಗೆ ಹಿಂದಿರುಗಿಸಿದಂತಾಗುತ್ತದೆ. ಇದರಲ್ಲಿ ವಯಸ್ಸಿನ ಪ್ರಶ್ನೆ ಎಲ್ಲಿದೆ?

ಇನ್ನು ಪಾದರಕ್ಷೆ. ದಿನವಿಡೀ ಶೂ ಬಿಗಿ ಎನಿಸಿದರೆ ಹಠ ಬೇಡ. ಅಥಣಿ, ನಿಪ್ಪಾಣಿ ಕಡೆ ತಯಾರಾಗುವ ಚರ್ಮದ ಕೊಲ್ಹಾಪುರಿ ಚಪ್ಪಲಿಯಾಗಲಿ, ಹಿಂದೆ ಪಟ್ಟಿಯಿರುವ ಸಾದಾ ಸ್ಯಾಂಡಲ್ ಆಗಲಿ ಸಾಕು. ಇನ್‌ಶರ್ಟ್ ಕೊನೆಗಿರಲಿ. ಅದಕ್ಕೆ ಬೆಲ್ಟ್ ಬೇಕು, ಬೆಲ್ಟಿನ ಬಣ್ಣ ಪಾದರಕ್ಷೆಯ ಬಣ್ಣಕ್ಕೆ ಹೊಂದಬೇಕು. ಇಷ್ಟಾದ ಮೇಲೂ ಯಾರಾದರೂ ಕೇಳಿದರೆ, ನಾಚದೆ, ವಾದಿಸದೆ, "ವಿಶೇಷ ಏನಿಲ್ಲ, ಹೀಗೇ ಬರೋಣ ಅನ್ನಿಸ್ತು" ಎಂದು ನಕ್ಕು ಲೆಡ್ಜರ್ ತೆರೆಯಿರಿ. ಆ ತಿಳಿನೀಲಿ ಅಂಗಿಯನ್ನು ದಯವಿಟ್ಟು ಹೊರತೆಗೆಯಿರಿ. ಅದನ್ನು ನೀವು ತೊಡಲೆಂದೇ ನಿಮ್ಮ ಪತ್ನಿ ಆರಿಸಿ ತಂದದ್ದು.

ಪ್ರಶ್ನೆ: ನಾನು ಗೃಹಿಣಿ, ವಯಸ್ಸು 53. ಬೀರುವಿನ ತುಂಬ ಸೀರೆಗಳಿವೆ, ನನ್ನ ತಾಯಿಯ ಎರಡು ಇಳಕಲ್ ಸೀರೆಗಳೂ ಇವೆ. ಆದರೂ ಮನೆಯಲ್ಲಿ ನೈಟಿ, ಸಂತೆಗೆ ಹೋಗುವಾಗ ಅದರ ಮೇಲೊಂದು ವೇಲು, ಇಷ್ಟರಲ್ಲೇ ದಿನ ಕಳೆಯುತ್ತದೆ. ಒಳ್ಳೆಯ ಸೀರೆ ಉಟ್ಟರೆ "ಎಲ್ಲಿಗೆ ಹೊಂಟ್ರೀ?" ಎಂದು ಓಣಿಯವರು ಕೇಳುತ್ತಾರೆ. ಸುಮ್ಮನೆ ಉಟ್ಟು ಹಾಳುಮಾಡುವುದೇಕೆ ಎಂದೂ ಅನಿಸುತ್ತದೆ. (ಓದುಗರು, ಗದಗ)

ಉತ್ತರ: ಸೀರೆ ಬೀರುವಿನಲ್ಲಿ ಭದ್ರವಾಗಿದೆ ಎಂಬುದು ಅರ್ಧ ಮಾತ್ರ ನಿಜ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ರೇಷ್ಮೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಜರಿ ಅಲ್ಲಿಯೇ ಮುರಿಯುತ್ತದೆ. ತಿಂಗಳುಗಳಿಗೊಮ್ಮೆಯಾದರೂ ಬಿಡಿಸಿ, ಗಾಳಿಗೆ ಹರವಿ, ಮಡಿಕೆ ಬದಲಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಬೇಕು. ಜರಿಗೆ ನುಸಿಗುಳಿಗೆ ತಾಗಬಾರದು. ಇಷ್ಟೆಲ್ಲ ಮಾಡುವ ಬದಲು ಆಗಾಗ ಉಡುವುದೇ ಸೀರೆಗೂ ಒಳ್ಳೆಯದು.

ನೀವು ಜೋಪಾನ ಮಾಡಿರುವ ಇಳಕಲ್ ಸೀರೆಯ ವಿಷಯದಲ್ಲಿ ನನಗೆ ಸ್ವಲ್ಪ ನೋವೇ ಆಯಿತು. ಹತ್ತಿಯ ಇಳಕಲ್ ಸೀರೆಯನ್ನು ನಿಮ್ಮ ಸೀಮೆಯ ಹೆಣ್ಣುಮಕ್ಕಳು ರೊಟ್ಟಿ ಬಡಿಯುವಾಗಲೂ ಹೊಲಕ್ಕೆ ಬುತ್ತಿ ಒಯ್ಯುವಾಗಲೂ ಉಡುತ್ತಿದ್ದರು. ಮೈಯ ಹಾಸನ್ನೂ (ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲು) ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ, ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಜೋಡಿಸಿ ನೇಯುವ ಅದು, ದಿನದ ಬಳಕೆಗೆ ತಾಳುವ ಸೀರೆ. ಗುಳೇದಗುಡ್ಡದ ಖಣದ ಕುಪ್ಪಸವೂ ಹಾಗೆಯೇ. ನಿಮ್ಮ ತಾಯಿ ನಿತ್ಯ ಉಟ್ಟದ್ದು ನಿಮ್ಮ ಕೈಗೆ ಬರುವಷ್ಟರಲ್ಲಿ ಸಮಾರಂಭದ ಸೀರೆಯಾಯಿತು.

ಮೊದಲು ವಾರಕ್ಕೆ ಎರಡು ದಿನ ಗೊತ್ತುಮಾಡಿಕೊಳ್ಳಿ, ಒಂದು ಸಂತೆಯ ದಿನ, ಇನ್ನೊಂದು ಎಲ್ಲಿಗೂ ಹೋಗದ ದಿನ. ಮನೆಯಲ್ಲೇ ಇರುವ ದಿನ ಉಟ್ಟು ಕೆಲಸ ಮಾಡಿದರೆ ನೆರಿಗೆ ಕಾಲಿಗೆ ತೊಡರದಂತೆ ಎಷ್ಟು ಎತ್ತರಕ್ಕೆ ಉಡಬೇಕು, ಸೆರಗು ಎಲ್ಲಿ ಸಿಕ್ಕಿಸಬೇಕು ಎಂಬುದು ತಿಳಿಯುತ್ತದೆ. ಆ ಸಲೀಸು ಸಂತೆಗೆ ಹೋದಾಗ ನಡಿಗೆಯಲ್ಲಿ ಕಾಣುತ್ತದೆ. ತಾಯಿಯ ಸೀರೆಯನ್ನು ಉಡುವ ಮುನ್ನ ಬೆಳಕಿಗೆ ಹಿಡಿದು ಬಟ್ಟೆ ತೆಳುವಾಗಿರುವ ಜಾಗಗಳನ್ನು ನೋಡಿ. ಅಂಥ ಕಡೆ ಹಿಂದಿನಿಂದ ಮೆತ್ತನೆಯ ಹತ್ತಿಬಟ್ಟೆ ಕೊಟ್ಟು ಹೊಲಿಸಿ, ಹೊಸ ಫಾಲ್ ಹಚ್ಚಿಸಿ. ಹಳೆಯ ರವಿಕೆ ಬಿಗಿಯಾಗಿದ್ದರೆ ಹೊಸದೊಂದನ್ನು ಇಂದಿನ ಅಳತೆಗೆ ಹೊಲಿಸಿಕೊಳ್ಳಿ. ಉಸಿರು ಕಟ್ಟುವ ರವಿಕೆಯಲ್ಲಿ ಯಾರಿಗೂ ಧೈರ್ಯ ಬರುವುದಿಲ್ಲ. ಓಣಿಯವರು ಕೇಳಿದರೆ "ಎಲ್ಲಿಗೂ ಇಲ್ರೀ, ಅವ್ವನ ಸೀರಿ, ಉಡಬೇಕನಿಸ್ತು" ಎಂದುಬಿಡಿ. ಅವರಲ್ಲಿ ಒಬ್ಬರಾದರೂ ಮನೆಗೆ ಹೋಗಿ ತಮ್ಮ ಬೀರು ತೆರೆಯುತ್ತಾರೆಂದು ನನ್ನ ನಂಬಿಕೆ.

ಪ್ರಶ್ನೆ: ಬೆಂಗಳೂರಿನಲ್ಲಿ ಮೊದಲ ಕೆಲಸ ಸಿಕ್ಕಿದೆ. ಜೊತೆಯವರ ಬಟ್ಟೆ ನೋಡಿದರೆ ಕುಗ್ಗಿಹೋಗುತ್ತೇನೆ. ಕಂತಿನಲ್ಲಿ ಬ್ರಾಂಡೆಡ್ ಬಟ್ಟೆ ಕೊಳ್ಳಲೇ? (ಯುವಕ, ಬೆಂಗಳೂರು)

ಉತ್ತರ: ಬೇಡ. ಎರಡು ಪ್ಯಾಂಟ್, ನಾಲ್ಕು ಅಂಗಿ ಸಾಕು. ಪ್ರತಿ ಅಂಗಿಯೂ ಎರಡೂ ಪ್ಯಾಂಟಿಗೆ ಹೊಂದುವಂತೆ ಆರಿಸಿದರೆ 8 ಜೋಡಿಯಾಗುತ್ತದೆ. ಪ್ಯಾಂಟಿಗೆ ಕಡುನೀಲಿ, ಬೂದು ಬಣ್ಣಗಳಿರಲಿ, ಅಂಗಿಗಳಲ್ಲಿ ಒಂದು ಬಿಳಿಯದಿರಲಿ. ರೆಡಿಮೇಡ್ ಮೈಗೆ ಕೂರದಿದ್ದರೆ ಬಟ್ಟೆ ಕೊಂಡು ಹೊಲಿಸಿ. 58 ಇಂಚು ಅಗಲದ ಬಟ್ಟೆಯಾದರೆ ಸಾಧಾರಣ ಮೈಕಟ್ಟಿಗೆ ತುಂಬುತೋಳಿನ ಅಂಗಿಗೆ 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್ ಹಿಡಿಯುತ್ತದೆ. ಹತ್ತಿಯಾದರೆ ಹೊಲಿಯಲು ಕೊಡುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲವಾದರೆ ಮೊದಲ ಒಗೆತದಲ್ಲೇ ಕುಗ್ಗಿ ಅಳತೆ ಕೆಡುತ್ತದೆ. ಅಂಗಡಿಯ ದೀಪದ ಬೆಳಕಿನಲ್ಲಿ ಬಣ್ಣ ಮೋಸ ಮಾಡುವುದುಂಟು. ಹಣ ಕೊಡುವ ಮೊದಲು ಕೇಳಿಕೊಂಡು ಬಟ್ಟೆಯನ್ನು ಬಾಗಿಲವರೆಗೆ ತಂದು ಬಿಸಿಲಿನಲ್ಲಿ ನೋಡಿ.