ಮಳೆಗಾಲಕ್ಕೆ ಮುಂಚೆ ಟೈರ್ ಹಾಕಿಸುವುದಾದರೆ ಮುಂದಿನ ಚಕ್ರವನ್ನೂ ನೋಡಿ

ನಮಸ್ಕಾರ. ಕಮ್ಮರಡಿ ಕಡೆಯ ಸದಸ್ಯರು ಕೇಳಿದ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಅವರದ್ದು ಆರು ವರ್ಷದ ಸ್ಪ್ಲೆಂಡರ್, ಕಡ್ಡಿ ಚಕ್ರದ್ದು. ದಿನಾ ತೀರ್ಥಹಳ್ಳಿಗೆ ಹೋಗಿ ಬರುತ್ತಾರೆ, ಸುಮಾರು 40 ಕಿ.ಮೀ. ಮನೆಯ ಹತ್ತಿರದ ಒಂದೂವರೆ ಕಿ.ಮೀ. ಮಾತ್ರ ಮಣ್ಣಿನ ರಸ್ತೆ. ಹಿಂದಿನ ಟೈರ್ ಬೋಳಾಗಿದೆ, ಮುಂದಿನದ್ದು ಗಾಡಿ ಜೊತೆ ಬಂದದ್ದೇ, "ಗೆರೆ ಇನ್ನೂ ಚೆನ್ನಾಗಿದೆ" ಎಂದಿದ್ದಾರೆ. ಹಿಂದೆ ಅಗಲದ ಟೈರ್ ಹಾಕಿಸಲಾ, ಬಟನ್ ಟೈರ್ (ಕೆಸರಿಗೆ ಅಂತ ಗುಂಡಿ ಗುಂಡಿಯಾಗಿ ರಬ್ಬರ್ ಎದ್ದಿರುವುದು) ಹಾಕಿಸಲಾ, ಯಾವ ಕಂಪನಿ ಒಳ್ಳೆಯದು ಅಂತ ಪ್ರಶ್ನೆ.

ಕೆಳಗೆ ಎಲ್ಲರೂ ಹಿಂದಿನ ಟೈರಿನ ಬಗ್ಗೆಯೇ ಬರೆದಿದ್ದಾರೆ. ನನಗೆ ಚಿಂತೆ ಆಗಿರುವುದು ಮುಂದಿನ ಟೈರಿನ ಬಗ್ಗೆ.

ಎರಡು ವರ್ಷದ ಹಿಂದೆ, ಪುನರ್ವಸು ಮಳೆ ಸಮಯ. ಆಗುಂಬೆ ಕಡೆಯಿಂದ ಬರುತ್ತಿದ್ದೆ. ಮರ ಕವಿದ ಒಂದು ತಿರುವು, ವೇಗ 25 ದಾಟಿರಲಿಲ್ಲ. ಎದುರಿಗೆ ಒಂದು ದನ ಬಂತು ಅಂತ ಮುಂದಿನ ಬ್ರೇಕ್ ಸ್ವಲ್ಪ ಹಿಡಿದೆ. ಅಷ್ಟೇ. ಮುಂದಿನ ಚಕ್ರ ಹೋಯಿತು, ನಾನು ರಸ್ತೆ ಮೇಲೆ ಇದ್ದೆ. ಕಾಲರ್ ಬೋನ್ ಮುರಿಯಿತು. ಆ ವರ್ಷ ಅಡಿಕೆಗೆ ಎರಡನೇ ಸಲದ ಬೋರ್ಡೋ ಔಷಧಿ ಹೊಡೆಸಲು ತೋಟಕ್ಕೆ ಇಳಿಯಲು ಆಗಲಿಲ್ಲ. ಆ ಟೈರಿನಲ್ಲೂ ಗೆರೆ ಚೆನ್ನಾಗಿಯೇ ಇತ್ತು. ಆಮೇಲೆ ಉಗುರು ಒತ್ತಿ ನೋಡಿದರೆ ರಬ್ಬರ್ ಒಣಗಿದ ಅಡಿಕೆ ಸಿಪ್ಪೆ ಹಾಗೆ ಗಟ್ಟಿ. ಏಳು ವರ್ಷ ಹಳೆಯದು.

ಹಿಂದಿನ ಚಕ್ರ ಗಾಡಿಯನ್ನು ತಳ್ಳುತ್ತದೆ, ಜಾಸ್ತಿ ಭಾರ ಹೊರುತ್ತದೆ, ಹಾಗಾಗಿ ಬೇಗ ಸವೆಯುತ್ತದೆ. ನಾವು ಅದನ್ನು ಎರಡು ಸಲ ಬದಲಿಸುವ ಹೊತ್ತಿಗೂ ಮುಂದಿನದ್ದು ನೋಡಲು ಹೊಸದರ ಹಾಗೇ ಇರುತ್ತದೆ. ಆದರೆ ರಬ್ಬರ್ ಓಡಿಸದೇ ಇದ್ದರೂ ಬಿಸಿಲಿಗೆ, ಗಾಳಿಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಹಿಂದಿನ ಚಕ್ರ ಜಾರಿದರೆ ಗಾಡಿ ಬಾಲ ಅಲ್ಲಾಡಿಸುತ್ತದೆ, ಎಷ್ಟೋ ಸಲ ಸರಿ ಮಾಡಿಕೊಳ್ಳಬಹುದು. ಮುಂದಿನದ್ದು ಜಾರಿದರೆ ಯೋಚಿಸಲೂ ಸಮಯ ಇರುವುದಿಲ್ಲ. ದುಡ್ಡು ಒಂದೇ ಟೈರಿಗೆ ಇದೆ ಎಂದಾದರೆ ಹಿಂದಿನದ್ದನ್ನು ಈಗಲೇ ಹಾಕಿಸಿ, ಏಕೆಂದರೆ ಬೋಳು ಟೈರಿನಲ್ಲಿ ಒಂದು ದಿನವೂ ಓಡಿಸಬಾರದು. ಮುಂದಿನದ್ದಕ್ಕೆ ಮೃಗಶಿರಾ ಮಳೆ ಹಿಡಿಯುವುದರ ಒಳಗೆ ಹೇಗಾದರೂ ಹೊಂದಿಸಿ. ಆರು ವರ್ಷ ಸಾಕು ಅದಕ್ಕೆ.

ವಯಸ್ಸು ನೋಡುವುದು ಸುಲಭ. ಟೈರಿನ ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಹೆಚ್ಚಾಗಿ ಒಂದು ಮೊಟ್ಟೆಯಾಕಾರದ ಚೌಕಟ್ಟಿನ ಒಳಗೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2224 ಅಂತಿದ್ದರೆ 2024ರ 22ನೇ ವಾರ, ಅಂದರೆ ಮೇ ಕೊನೆ. ಒಂದು ಪಕ್ಕ ಕಾಣದಿದ್ದರೆ ಇನ್ನೊಂದು ಪಕ್ಕ ನೋಡಿ, ಒಂದೇ ಕಡೆ ಹಾಕಿರುವುದೂ ಉಂಟು. ಹೊಸ ಟೈರ್ ಕೊಳ್ಳುವಾಗಲೂ ಇದನ್ನು ಓದದೆ ದುಡ್ಡು ಕೊಡಬೇಡಿ. ಹೆಚ್ಚು ಮಾರಾಟವಾಗದ ಅಳತೆಯ ಟೈರ್ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಕಪ್ಪಗೆ ಹೊಳೆಯುತ್ತಿದ್ದರೂ ಅದು ಹಳೆಯದೇ. ನಾನು ಒಂದು ವರ್ಷದ ಒಳಗಿನದ್ದನ್ನು ಮಾತ್ರ ತಗೊಳ್ಳುತ್ತೇನೆ. ಇಲ್ಲ ಎಂದರೆ ತರಿಸಿ ಕೊಡಿ ಎನ್ನುತ್ತೇನೆ, ನಾಲ್ಕು ದಿನ ಕಾಯುತ್ತೇನೆ.

ಈಗ ಅಗಲದ ಟೈರ್. ದಯವಿಟ್ಟು ಬೇಡ. ನಿಮ್ಮ ಟೈರಿನ ಮೇಲೆ 80/100-18 ಅಂತ ಇರುತ್ತದೆ, ಹಳೆಯ ಸ್ಪ್ಲೆಂಡರ್‌ಗಳಲ್ಲಿ 2.75-18. ಮೊದಲನೆಯ 80 ಅಂದರೆ ಅಗಲ ಮಿಲಿಮೀಟರಿನಲ್ಲಿ, 100 ಅಂದರೆ ಎತ್ತರ ಅಗಲದ ನೂರಕ್ಕೆ ನೂರರಷ್ಟು, 18 ಅಂದರೆ ರಿಮ್ಮಿನ ಇಂಚು. ಆ ರಿಮ್ ಸಪೂರ. ಅದರ ಮೇಲೆ 100 ಅಗಲದ ಟೈರ್ ಏರಿಸಿದರೆ ಎರಡೂ ಪಕ್ಕ ಒಳಗೆ ಎಳೆದುಕೊಂಡು ನಡು ಗುಡ್ಡದ ಹಾಗೆ ಉಬ್ಬುತ್ತದೆ. ನೋಡಲು ದಪ್ಪ, ರಸ್ತೆಗೆ ತಾಗುವುದು ನಡು ಮಾತ್ರ, ಸವೆಯುವುದೂ ನಡುವೇ. ಚೈನ್ ಕವರಿಗೆ ಉಜ್ಜಬಹುದು. ಗಾಡಿ ಎಳೆಯುವುದು ಕಡಿಮೆ, ಪೆಟ್ರೋಲ್ ಜಾಸ್ತಿ. ಕೆಸರಿನಲ್ಲೂ ಸಪೂರ ಟೈರೇ ಮೇಲು, ಮೇಲಿನ ಲೊಳೆಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ಅಗಲದ್ದು ತೇಲುತ್ತದೆ.

ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತದೆ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. 54ಪಿ ಅಂತಿದ್ದರೆ ಆ ಟೈರ್ 212 ಕೆ.ಜಿ. ತಡೆಯುತ್ತದೆ, 47ಪಿ ಅಂದರೆ 175 ಕೆ.ಜಿ. ಪಿ ಅಂದರೆ ಗಂಟೆಗೆ 150 ಕಿ.ಮೀ. ವೇಗದ ತನಕ. ಅಳತೆ ಒಂದೇ ಆದರೂ ಹಿಂದಿನ ಚಕ್ರಕ್ಕೆ ಭಾರ ಹೊರುವ ಟೈರೇ ಬೇಕು. ಹಾಲಿನ ಕ್ಯಾನ್, ಹಿಂಡಿ ಮೂಟೆ, ಹಿಂದೆ ಮನೆಯವರು ಎಲ್ಲಾ ಹೇರಿಕೊಂಡು ಹೋಗುವವರು ನಾವು, ಅಲ್ವಾ? ಹಳೆಯ ಹಿಂದಿನ ಟೈರಿನಲ್ಲಿ ಎಷ್ಟಿದೆಯೋ ಅಷ್ಟಾದರೂ ಹೊಸದರಲ್ಲಿ ಇರಲಿ, ಕಡಿಮೆ ಬೇಡ.

ಬಟನ್ ಟೈರಿನ ಆಸೆ ನನಗೆ ಅರ್ಥ ಆಗುತ್ತದೆ. ಮಳೆಗಾಲದಲ್ಲಿ ಮನೆ ಹತ್ತಿರದ ಏರು ಹತ್ತಲು ಪಡುವ ಪಾಡು ಗೊತ್ತು. ಆದರೆ ಲೆಕ್ಕ ಹಾಕಿ. 40 ಕಿ.ಮೀ.ಯಲ್ಲಿ ಮಣ್ಣು ಹೋಗಿ ಬರಲು ಸೇರಿ ಮೂರೇ. ಉಳಿದ 37 ಟಾರು, ಕಾಂಕ್ರೀಟು. ವೇಗ ಇರುವುದು ಅಲ್ಲಿ, ಬಸ್ಸು ಎದುರು ಬರುವುದು ಅಲ್ಲಿ. ಪೂರಾ ಬಟನ್ ಟೈರಿನಲ್ಲಿ ರಸ್ತೆಗೆ ತಾಗುವ ರಬ್ಬರೇ ಕಡಿಮೆ, ತಿರುವಿನಲ್ಲಿ ವಾಲಿದಾಗ ಆ ಬಟನ್‌ಗಳು ಬಾಗುತ್ತವೆ. ನಮ್ಮಲ್ಲಿ ಮರದ ನೆರಳಿನ ಕಾಂಕ್ರೀಟ್ ರಸ್ತೆ ಜುಲೈ ಬರುವಷ್ಟರಲ್ಲಿ ಪಾಚಿ ಕಟ್ಟುತ್ತದೆ, ಅದರ ಮೇಲೆ ಈ ಟೈರ್ ತುಂಬಾ ಅಪಾಯ. ಮಣ್ಣಿನ ತುಂಡನ್ನು ಒಂದನೇ ಗೇರಿನಲ್ಲಿ, ಕ್ಲಚ್ ಹಿಡಿಯದೆ, ನಿಧಾನ ಹತ್ತಿಸಿ. ಐದಾರು ಕಿ.ಮೀ. ಮಣ್ಣು ರಸ್ತೆಯಲ್ಲೇ ದಿನಾ ತೋಟಕ್ಕೆ ಹೋಗುವವರ ಮಾತು ಬೇರೆ. ಅವರಿಗೆ ದೊಡ್ಡ ಚೌಕದ, ಅರೆ ಬಟನ್ ಟೈರ್ ಸರಿ, ಚೌಕದ ನಡುವೆ ಜಾಗ ಇರುವುದರಿಂದ ಮಣ್ಣು ಮೆತ್ತಿಕೊಳ್ಳದೆ ಉದುರುತ್ತದೆ. ಟಾರಿಗೆ ಬಂದಾಗ ಮಾತ್ರ ನಿಧಾನ ಇರಲಿ.

ಹಾಗಾದರೆ ಯಾವುದು? ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಅಪೊಲೊ ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಕಂಪನಿಗಿಂತ ಅದರ ಯಾವ ಟೈರ್ ಅನ್ನುವುದು ಮುಖ್ಯ. ಒಂದೇ ಕಂಪನಿಯಲ್ಲಿ ಜಾಸ್ತಿ ಬಾಳಿಕೆಗೆ ಅಂತ ಒಂದು ಇರುತ್ತದೆ, ಹಿಡಿತಕ್ಕೆ ಅಂತ ಇನ್ನೊಂದು ಇರುತ್ತದೆ. ಬಾಳಿಕೆಯದ್ದು ಸ್ವಲ್ಪ ಗಟ್ಟಿ ರಬ್ಬರ್, ಹಿಡಿತದ್ದು ಮೆದು. "40 ಸಾವಿರ ಬರುತ್ತದೆ ಸಾರ್" ಎಂದು ಅಂಗಡಿಯವರು ಹೇಳಿದರೆ ಅದು ಬಯಲುಸೀಮೆಯ ನೇರ ರಸ್ತೆಗೆ ಸಂತೋಷದ ಮಾತು. ನಮಗೆ ಮೆದು ರಬ್ಬರ್ ಬೇಕು, ಐದಾರು ಸಾವಿರ ಕಡಿಮೆ ಓಡಿದರೂ ಪರವಾಗಿಲ್ಲ. ಎರಡನ್ನೂ ಪಕ್ಕದಲ್ಲಿ ಇಡಿಸಿ ಉಗುರು ಒತ್ತಿ ನೋಡಿ, ಗೊತ್ತಾಗುತ್ತದೆ. ಮುಂದಿನ ಚಕ್ರಕ್ಕೆ ಉದ್ದುದ್ದ ಗೆರೆಯ ಟೈರ್ ಬರುತ್ತದೆ, ಅದು ನೇರ ಹೋಗಲು, ಹ್ಯಾಂಡಲ್ ತಿರುಗಿಸಲು ಹಗುರ. ಜೊತೆಗೆ ಅಡ್ಡ ಕೊರೆತವೂ ಇರುವುದನ್ನು ಆರಿಸಿ.

ಕಡ್ಡಿ ಚಕ್ರ ಆದ್ದರಿಂದ ಟ್ಯೂಬ್ ಬೇಕೇ ಬೇಕು. ಕಡ್ಡಿಯ ತೂತುಗಳಲ್ಲಿ ಗಾಳಿ ಸೋರುತ್ತದೆ, ಸುಮ್ನೆ ಟ್ಯೂಬ್‌ಲೆಸ್ ಏರಿಸಿ ಗಾಳಿ ಹೊಡೆದರೆ ನಿಲ್ಲುವುದಿಲ್ಲ. ಹಳೆ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನ ಒಳಗೆ ಮಡಚಿ ಅಲ್ಲೇ ಹರಿಯುತ್ತದೆ. ಟ್ಯೂಬ್ ಹೊಸದೇ ಹಾಕಿಸಿ. ಟೈರ್ ಬಿಚ್ಚಿದಾಗ ರಿಮ್ಮಿನ ಒಳಗೆ ಕೈ ಆಡಿಸಿ ನೋಡಿ. ನಮ್ಮ ಮಳೆಗೆ ಕಡ್ಡಿಯ ತುದಿ ತುಕ್ಕು ಹಿಡಿದು ಮುಳ್ಳಿನ ಹಾಗೆ ಎದ್ದಿರುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿಸಿ, ಅದರ ಮೇಲೆ ಹಾಕುವ ರಬ್ಬರ್ ಪಟ್ಟಿಯನ್ನೂ ಹೊಸದು ಹಾಕಿಸಿ. ಚಕ್ರ ಕಳಚಿದಾಗಲೇ ಬ್ರೇಕ್ ಲೈನರ್, ಬೇರಿಂಗ್ ನೋಡಿಸಿದರೆ ಇನ್ನೊಂದು ಸಲದ ಕೂಲಿ ಉಳಿಯುತ್ತದೆ. ಟೈರ್ ಮೇಲೆ ತಿರುಗುವ ದಿಕ್ಕಿಗೆ ಬಾಣ ಇರುತ್ತದೆ, ಅದು ಸರಿ ಇದೆಯಾ ನೀವೇ ನೋಡಿ. ಅಂಗಡಿಯಲ್ಲಿ ಸಂಜೆ ಗಡಿಬಿಡಿ ಇದ್ದರೆ ಇದು ತಪ್ಪುತ್ತದೆ.

ಅಲಾಯ್ ಚಕ್ರ ಇರುವವರಿಗೆ ಒಂದು ಮಾತು. ಅಲಾಯ್ ಎಂದ ಮಾತ್ರಕ್ಕೆ ಟ್ಯೂಬ್‌ಲೆಸ್ ಅಲ್ಲ. ಈಗ ಟೈರ್ ಮೇಲೆ ಏನು ಬರೆದಿದೆ ನೋಡಿಕೊಂಡು ಕೊಳ್ಳಿ. ಟ್ಯೂಬ್‌ಲೆಸ್ ಆದರೆ ಮೊಳೆ ಚುಚ್ಚಿದರೂ ಗಾಳಿ ನಿಧಾನ ಇಳಿಯುತ್ತದೆ. ಘಾಟಿಯ ನಡುವೆ ಪಂಕ್ಚರ್ ಅಂಗಡಿ ಹುಡುಕುವ ಕಷ್ಟ ತಪ್ಪುತ್ತದೆ.

ಹೊಸ ಟೈರ್ ಹಾಕಿಸಿದ ದಿನವೇ ಘಾಟಿ ಇಳಿಯಬೇಡಿ. ಅಚ್ಚಿನಿಂದ ಬಿಡಿಸಲು ಬಳಿದ ಜಾರುವ ಪದರ ಟೈರಿನ ಮೇಲೆ ಉಳಿದಿರುತ್ತದೆ. ಮೊದಲ 150 ಕಿ.ಮೀ. ನಿಧಾನ, ತಿರುವಿನಲ್ಲಿ ಜಾಸ್ತಿ ವಾಲಿಸಬೇಡಿ. ಇದಕ್ಕೇ ಹೇಳಿದ್ದು, ಮಳೆ ಹಿಡಿಯುವ ಮುಂಚೆ, ಒಣ ರಸ್ತೆ ಇರುವಾಗಲೇ ಹಾಕಿಸಿ ಅಂತ.

ಗಾಳಿ ಬಗ್ಗೆ ಒಂದೇ ಮಾತು. ಮಳೆಗಾಲದಲ್ಲಿ ಗಾಳಿ ಇಳಿಸಿದರೆ ಹಿಡಿತ ಜಾಸ್ತಿ ಅಂತ ಕೆಲವರು 18 ಪಿಎಸ್‌ಐಗೆ ಇಳಿಸುತ್ತಾರೆ. ಟಾರಿನ ಮೇಲೆ ಅದು ತಪ್ಪು. ಗಾಳಿ ಕಡಿಮೆ ಆದರೆ ಗೆರೆಗಳು ಮುಚ್ಚಿಕೊಂಡು ನೀರು ಹೊರಗೆ ಹೋಗುವುದಿಲ್ಲ, ಗುಂಡಿಗೆ ಬಿದ್ದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹರಿಯುತ್ತದೆ. ಒಬ್ಬರೇ ಇದ್ದರೆ ಮುಂದೆ 25, ಹಿಂದೆ 28. ಡಬಲ್ಸ್ ಹೋಗುವಾಗ ಹಿಂದೆ ಎಷ್ಟು ಏರಿಸಬೇಕು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಬೆಳಿಗ್ಗೆ ಟೈರ್ ತಣ್ಣಗೆ ಇರುವಾಗಲೇ ನೋಡಿಸಿ.

ಇನ್ನು ಯಾವಾಗ ಬದಲಿಸಬೇಕು ಎಂದು ಇನ್ನೊಬ್ಬರು ಕೆಳಗೆ ಕೇಳಿದ್ದಾರೆ. ಗೆರೆಯ ಒಳಗೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಮುಗಿಯಿತು. ಅದು ಕೊನೆಯ ಗಡಿ. ನಮ್ಮ ಕಡೆ ಅಲ್ಲಿಯವರೆಗೆ ಕಾಯಬಾರದು. ಮೇ ತಿಂಗಳಲ್ಲಿ ಗೆರೆ ಎರಡು ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ನಾನು ತೆಗೆಸುತ್ತೇನೆ. ಪಕ್ಕದ ಗೋಡೆಯಲ್ಲಿ ಕೂದಲೆಳೆಯ ಬಿರುಕು ಕಂಡರೂ ತೆಗೆಸುತ್ತೇನೆ.

ತೆಗೆದ ಟೈರನ್ನು ಹಿತ್ತಲಿಗೆ ಎಸೆಯಬೇಡಿ, ಮಳೆ ನೀರು ನಿಂತು ಸೊಳ್ಳೆ ಆಗುತ್ತದೆ. ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕಮ್ಮರಡಿಯವರೇ, ಇವತ್ತು ಸಂಜೆ ಮುಂದಿನ ಟೈರನ್ನು ಒರೆಸಿ ಆ ನಾಲ್ಕು ಅಂಕಿ ಓದಿ ಇಲ್ಲಿ ಹಾಕಿ. ಉಗುರು ಒತ್ತಿದಾಗ ಒಳಗೆ ಹೋಗುತ್ತದೆಯೋ ಇಲ್ಲವೋ ಅದನ್ನೂ ಬರೆಯಿರಿ.