ಪರ್ಮಿಟ್ ಅರ್ಜಿ: ಅಂಚೆಗೋ, ಕೊರಿಯರ್‌ಗೋ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮೈಸೂರಿನವಳು, ಈಗ ಟೆಕ್ಸಾಸ್‌ನಲ್ಲಿದ್ದೇನೆ. ಗಂಡನದು ಎಚ್-1ಬಿ ಅನ್ನೋ ಕೆಲಸದ ವೀಸಾ, ನನ್ನದು ಅವರ ಹೆಂಡತಿಯಾಗಿ ಸಿಕ್ಕ ಎಚ್-4. ನನ್ನ ಇಎಡಿ ಕಾರ್ಡ್ (ಕೆಲಸ ಮಾಡಲು ಪರ್ಮಿಟ್) ಮುಗಿಯಲು ಇನ್ನು ಐದು ತಿಂಗಳಿದೆ. ಎಚ್-4 ಅವಧಿ ವಿಸ್ತರಣೆಯ ಐ-539, ಇಎಡಿಯ ಐ-765 ಎರಡೂ ಅರ್ಜಿಗಳನ್ನು ಒಟ್ಟಿಗೆ ಪೇಪರ್‌ನಲ್ಲೇ ಕಳಿಸುತ್ತಿದ್ದೇವೆ. ಓವರ್‌ನೈಟ್ ಬಿಟ್ಟು ಬೇರೆ ಯಾವುದನ್ನೂ ನಂಬಬೇಡ ಅಂತಾಳೆ ಒಬ್ಬ ಗೆಳತಿ, ಸರ್ಟಿಫೈಡ್ ಮೇಲ್ ಮಾಡಿ ಸಹಿ ತರಿಸಿಕೋ ಅಂತಾಳೆ ಇನ್ನೊಬ್ಬಳು. ಯುಎಸ್‌ಪಿಎಸ್‌ನಲ್ಲಿ (ಅಮೆರಿಕದ ಸರ್ಕಾರಿ ಅಂಚೆ) ಕಳಿಸಲೋ, ಫೆಡೆಕ್ಸ್ ಕೊರಿಯರ್‌ನಲ್ಲೋ? ಖರ್ಚಿನ ಚಿಂತೆಗಿಂತ ಅರ್ಜಿ ಕಳೆದುಹೋದರೆ ಅನ್ನೋ ಭಯ ಜಾಸ್ತಿ.
– ಓದುಗಿ, ಟೆಕ್ಸಾಸ್

ಉತ್ತರ: ನಿಮ್ಮ ಭಯದಲ್ಲಿ ಅರ್ಥವಿದೆ. ಮೊದಲಾಗಿದ್ದರೆ ಅವಧಿಯೊಳಗೆ ನವೀಕರಣಕ್ಕೆ ಹಾಕಿದವರಿಗೆ 540 ದಿನದವರೆಗೆ ತಾನಾಗಿಯೇ ವಿಸ್ತರಣೆ ಸಿಗುತ್ತಿತ್ತು, ಎಚ್-4ನವರಿಗೆ ಐ-94 (ಅಮೆರಿಕದಲ್ಲಿ ಯಾವತ್ತಿನ ತನಕ ಇರಬಹುದು ಎಂಬ ದಾಖಲೆ) ಇರುವ ತನಕ. 2025ರ ಅಕ್ಟೋಬರ್ 30ರಿಂದ ಈಚೆಗೆ ಹಾಕಿದ ಅರ್ಜಿಗಳಿಗೆ ಆ ಅನುಕೂಲ ಇಲ್ಲ. ಹಳೇ ಕಾರ್ಡ್ ಮುಗಿಯುವಷ್ಟರಲ್ಲಿ ಹೊಸದು ಬರದಿದ್ದರೆ ಕೆಲಸ ನಿಲ್ಲಿಸಲೇಬೇಕು. ಆದ್ದರಿಂದ ಈಗ ಒಂದು ಕವರ್ ವಾಪಸ್ ಬಂತೆಂದರೆ ನೇರವಾಗಿ ಸಂಬಳಕ್ಕೇ ಕುತ್ತು.

ಇಷ್ಟಾದರೂ ಕವರ್ ದಾರಿಯಲ್ಲಿ ಕಳೆದುಹೋಗುವುದು ಅಪರೂಪ. ತಲುಪಿದ ಮೇಲೆ ತಿರಸ್ಕಾರವಾಗಿ ವಾಪಸ್ ಬರುತ್ತದಲ್ಲ, ನೀವು ಹೆದರಬೇಕಾದ್ದು ಅದಕ್ಕೆ. ಟ್ರ್ಯಾಕಿಂಗ್ ಇರುವ ಯಾವ ಸೇವೆಯಾದರೂ ಸರಿಯೇ, ಆದರೆ ಆರಿಸಿಕೊಂಡ ಸೇವೆಗೆ ತಕ್ಕ ವಿಳಾಸ ಬರೆಯಲೇಬೇಕು.

ಯುಎಸ್‌ಸಿಐಎಸ್ ಅಂದರೆ ಈ ಅರ್ಜಿಗಳನ್ನು ನೋಡುವ ಅಮೆರಿಕದ ವಲಸೆ ಇಲಾಖೆ. ಅದರ ಲಾಕ್‌ಬಾಕ್ಸ್‌ಗಳಿಗೆ, ಅಂದರೆ ಅರ್ಜಿ ಸ್ವೀಕರಿಸುವ ಕೇಂದ್ರಗಳಿಗೆ, ಸಾಮಾನ್ಯವಾಗಿ ಎರಡೆರಡು ವಿಳಾಸ ಇರುತ್ತವೆ. ಒಂದು ಯುಎಸ್‌ಪಿಎಸ್‌ಗೆ, ಅದು ಹೆಚ್ಚಾಗಿ ಪಿಒ ಬಾಕ್ಸ್ ನಂಬರ್. ಇನ್ನೊಂದು ಫೆಡೆಕ್ಸ್, ಯುಪಿಎಸ್, ಡಿಎಚ್‌ಎಲ್‌ನವರಿಗೆ, ಅದರಲ್ಲಿ ಬೀದಿ, ಕಟ್ಟಡದ ನಂಬರ್ ಎಲ್ಲ ಇರುತ್ತದೆ. ಪಿಒ ಬಾಕ್ಸ್ ಇರುವುದು ಅಂಚೆ ಕಚೇರಿಯೊಳಗೆ, ಅಲ್ಲಿಗೆ ಫೆಡೆಕ್ಸ್‌ನವರು ತಲುಪಿಸುವುದಿಲ್ಲ. ಗಡಿಬಿಡಿಯಲ್ಲಿ ಪಿಒ ಬಾಕ್ಸ್ ವಿಳಾಸ ಬರೆದುಕೊಂಡು ಯುಪಿಎಸ್ ಅಂಗಡಿಗೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಇನ್ನೊಂದು ವಿಷಯ, ಗೆಳತಿಯ ಹಳೇ ಕವರ್ ನೋಡಿ ವಿಳಾಸ ನಕಲು ಮಾಡಬೇಡಿ. ನೀವು ಇರುವ ರಾಜ್ಯ, ನಿಮ್ಮ ವರ್ಗ, ಐ-765 ಒಂದೇ ಹೋಗುತ್ತಿದೆಯೋ, ಐ-539 ಜೊತೆಗೋ, ಇಲ್ಲಾ ಗಂಡನ ಎಚ್-1ಬಿಗೆ ಕಂಪನಿ ಹಾಕುವ ಐ-129 ಜೊತೆಗೋ, ಇದರ ಮೇಲೆ ವಿಳಾಸ ಬದಲಾಗುತ್ತದೆ. ಮಧ್ಯೆ ಮಧ್ಯೆ ಅವರೇ ಬದಲಾಯಿಸುವುದೂ ಉಂಟು. ಪೋಸ್ಟ್ ಮಾಡುವ ದಿನವೇ ಯುಎಸ್‌ಸಿಐಎಸ್‌ನ ಪುಟ ತೆಗೆದು ನೋಡಿ ಬರೆಯಿರಿ, 'ಅಟೆನ್ಷನ್' ಅಂತ ಶುರುವಾಗುವ ಸಾಲನ್ನೂ ಬಿಡಬೇಡಿ.

ಇನ್ನು ಸೇವೆಯ ವಿಚಾರ. ನನ್ನನ್ನು ಕೇಳಿದರೆ ಯುಎಸ್‌ಪಿಎಸ್‌ನ ಪ್ರಯಾರಿಟಿ ಮೇಲ್ ಸಾಕು. ಟ್ರ್ಯಾಕಿಂಗ್ ಅದರಲ್ಲೇ ಸೇರಿರುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ತಲುಪುತ್ತದೆ, ಫ್ಲಾಟ್ ರೇಟ್‌ನ ರಟ್ಟಿನ ಕವರ್‌ನಲ್ಲಿ ಕಾಗದ ಮಡಚದೆ ಹೋಗುತ್ತದೆ. ಅವಧಿಗೆ ಇನ್ನೂ ಐದು ತಿಂಗಳಿರುವಾಗ ಓವರ್‌ನೈಟ್‌ಗೆ ಅಷ್ಟೊಂದು ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಒಂದು ದಿನ ಮುಂಚೆ ಪೋಸ್ಟ್ ಮಾಡಿದರೆ ಅದೇ ಲಾಭ ಸಿಗುತ್ತದೆ, ಅಲ್ವಾ? ಐ-94 ಮುಗಿಯಲು ನಾಲ್ಕೇ ದಿನ ಉಳಿದಿದ್ದರೆ ಮಾತು ಬೇರೆ, ಆಗ ಫೆಡೆಕ್ಸ್ ಓವರ್‌ನೈಟ್ ಮಾಡಲೇಬೇಕು. ಯಾಕೆಂದರೆ ಯುಎಸ್‌ಸಿಐಎಸ್‌ನವರು ಲೆಕ್ಕಕ್ಕೆ ಹಿಡಿಯುವುದು ಅರ್ಜಿ ಅವರ ಕೈಸೇರಿದ ದಿನವನ್ನು. ನೀವು ಯಾವತ್ತು ಪೋಸ್ಟ್ ಮಾಡಿದಿರಿ, ಕವರ್ ಮೇಲಿನ ಮುದ್ರೆಯಲ್ಲಿ ಯಾವ ತಾರೀಕಿದೆ, ಅದೆಲ್ಲ ಇಲ್ಲಿ ಲೆಕ್ಕಕ್ಕಿಲ್ಲ.

ಸರ್ಟಿಫೈಡ್ ಮೇಲ್ ತಪ್ಪಲ್ಲ, ಆದರೆ ಅದರಿಂದ ಕವರ್ ಬೇಗ ಹೋಗುವುದಿಲ್ಲ. ಹಸಿರು ರಿಟರ್ನ್ ರಸೀಟ್ ಕಾರ್ಡ್ ಸೇರಿಸಿದರೆ ಯಾರೋ ಒಬ್ಬರ ಸಹಿ ಅಥವಾ ಮುದ್ರೆ ವಾಪಸ್ ಬರುತ್ತದೆ, ಕವರ್ ತಲುಪಿದ್ದಕ್ಕೆ ಅದು ಸಾಕ್ಷಿ. ಒಳಗಿನ ಅರ್ಜಿ ಸ್ವೀಕಾರವಾಯಿತು ಎನ್ನುವುದಕ್ಕೆ ಅಲ್ಲ. ಸ್ವೀಕಾರಕ್ಕೆ ಇರುವ ದಾಖಲೆ ಐ-797ಸಿ ಎಂಬ ರಸೀದಿ ಪತ್ರ ಮಾತ್ರ. ಅದು ಅಂಚೆಯಲ್ಲಿ ಬರುವ ಮೊದಲೇ ಫೋನಿಗೆ ಮೆಸೇಜ್ ಬೇಕಿದ್ದರೆ ಜಿ-1145 ಅನ್ನೋ ಒಂದು ಹಾಳೆಯ ಫಾರಂ ತುಂಬಿ ಅರ್ಜಿಯ ಮೊದಲ ಪುಟಕ್ಕೆ ಕ್ಲಿಪ್ ಹಾಕಿ. ಅದಕ್ಕೆ ಶುಲ್ಕವಿಲ್ಲ.

ಟ್ರ್ಯಾಕಿಂಗ್ ನೋಡುತ್ತಾ ಕೂತಾಗ ಒಂದು ಸಾಲು ಬಹಳ ಜನರ ಎದೆ ಒಡೆಸುತ್ತದೆ: 'ಪೋಸ್ಟಲ್ ಫೆಸಿಲಿಟಿಯಲ್ಲಿ ವ್ಯಕ್ತಿಯೊಬ್ಬರು ಪಡೆದುಕೊಂಡಿದ್ದಾರೆ' ಅನ್ನೋ ಅರ್ಥದ್ದು. ಯಾರೋ ಬೇರೆಯವರು ಎತ್ತಿಕೊಂಡು ಹೋದರು ಅಂದುಕೊಳ್ಳಬೇಡಿ. ಪಿಒ ಬಾಕ್ಸ್‌ಗೆ ಬಂದ ಕವರ್‌ಗಳನ್ನು ಲಾಕ್‌ಬಾಕ್ಸ್‌ನ ಕಡೆಯವರು ಅಂಚೆ ಕಚೇರಿಗೇ ಬಂದು ಒಟ್ಟಿಗೆ ಒಯ್ಯುತ್ತಾರೆ, ಹಾಗಾಗಿ ಹಾಗೆ ತೋರಿಸುತ್ತದೆ.

ಈಗ ಕವರ್ ಒಳಗಿನ ಮಾತು. ತಿರಸ್ಕಾರ ಹುಟ್ಟುವುದೇ ಅಲ್ಲಿ. 2025ರ ಅಕ್ಟೋಬರ್ 28ರ ನಂತರ ಯುಎಸ್‌ಸಿಐಎಸ್‌ನವರು ಸಾಮಾನ್ಯವಾಗಿ ಚೆಕ್, ಮನಿ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಕಾರ್ಡ್‌ನಿಂದ ಕಟ್ಟುವುದಾದರೆ ಜಿ-1450 ಫಾರಂ, ಅಮೆರಿಕದ ಬ್ಯಾಂಕ್ ಖಾತೆಯಿಂದಾದರೆ ಜಿ-1650 ಫಾರಂ. ನಿಮ್ಮದು ಎರಡು ಅರ್ಜಿ, ಶುಲ್ಕವೂ ಎರಡು, ಆದ್ದರಿಂದ ಈ ಫಾರಂ ಕೂಡ ಒಂದೊಂದು ಅರ್ಜಿಗೆ ಒಂದೊಂದು ಬೇಕು. ಎರಡನ್ನೂ ಕೂಡಿಸಿ ಒಂದರಲ್ಲೇ ಬರೆಯಬೇಡಿ. ಕಾರ್ಡ್‌ನಲ್ಲಿ ಅಷ್ಟು ಮಿತಿ ಇದೆಯೇ ನೋಡಿಕೊಳ್ಳಿ, ಬ್ಯಾಂಕಿಗೂ ಒಂದು ಮಾತು ತಿಳಿಸಿ, ಹಣ ಹೋಗದಿದ್ದರೆ ಅರ್ಜಿ ತಿರಸ್ಕಾರವಾಗಬಹುದು. ಫಾರಂನ ಕೆಳಗಡೆ ಪುಟ ಪುಟಕ್ಕೂ ಎಡಿಷನ್ ತಾರೀಕು ಇರುತ್ತದೆ. ಎಲ್ಲ ಪುಟದಲ್ಲೂ ಅದು ಒಂದೇ ಆಗಿರಬೇಕು, ಈಗ ಚಾಲ್ತಿಯಲ್ಲಿರುವುದೇ ಆಗಿರಬೇಕು. ಸಹಿ ಪೆನ್ನಿನಲ್ಲಿ ಮಾಡಿದ್ದಿರಬೇಕು, ಹೆಸರು ಟೈಪ್ ಮಾಡಿದರೆ ನಡೆಯುವುದಿಲ್ಲ. ಸ್ಪೈರಲ್ ಬೈಂಡಿಂಗ್, ಬಣ್ಣದ ಟ್ಯಾಬ್ ಎಲ್ಲ ಬೇಡ. ಅಲ್ಲಿ ಎಲ್ಲವನ್ನೂ ಬಿಡಿಸಿ ಸ್ಕ್ಯಾನ್ ಮಾಡುತ್ತಾರೆ.

ತಿರಸ್ಕಾರವಾದ ಅರ್ಜಿಗೆ ಮೊದಲು ತಲುಪಿದ ತಾರೀಕು ಉಳಿಯುವುದಿಲ್ಲ, ಮತ್ತೆ ಕಳಿಸಿದಾಗ ಮೊದಲಿನಿಂದ ಎಣಿಕೆ. ಕವರ್ ಅಂಟಿಸುವ ಮೊದಲು ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕವರನ್ನು ರಸ್ತೆ ಬದಿಯ ನೀಲಿ ಅಂಚೆ ಡಬ್ಬಕ್ಕೆ ಹಾಕಿ ಬರಬೇಡಿ, ಕೌಂಟರ್‌ನಲ್ಲೇ ಕೊಟ್ಟು, ತಾರೀಕು ಮತ್ತು ಟ್ರ್ಯಾಕಿಂಗ್ ನಂಬರ್ ಇರುವ ಚೀಟಿ ಇಸ್ಕೊಳ್ಳಿ. ಮತ್ತೆ, ಇಎಡಿ ನವೀಕರಣಕ್ಕೆ ಕಾರ್ಡ್ ಮುಗಿಯುವ 180 ದಿನ ಮೊದಲಿಂದಲೇ ಹಾಕಬಹುದು. ನೀವು ಈಗಾಗಲೇ ಆ ಅವಧಿಯೊಳಗೆ ಇದ್ದೀರಿ. ಯಾವ ಸೇವೆ ಎಂದು ಇನ್ನೊಂದು ವಾರ ತಲೆ ಕೆಡಿಸಿಕೊಳ್ಳಬೇಡಿ, ಈ ವಾರವೇ ಕಳಿಸಿ.

ಪ್ರಶ್ನೆ: ನಮ್ಮದೂ ಇದೇ ಎಚ್-4 ಅರ್ಜಿ. ಮದುವೆ ನೋಂದಣಿ ಪತ್ರ ಕನ್ನಡದಲ್ಲಿದೆ, ಶಿವಮೊಗ್ಗದಲ್ಲಿ ಅತ್ತೆ ಮನೆಯಲ್ಲಿದೆ. ಮಾವ ಅವರು ಮೂಲ ಪ್ರತಿಯನ್ನೇ ಕೊರಿಯರ್ ಮಾಡುತ್ತೇನೆ ಅನ್ನುತ್ತಿದ್ದಾರೆ. ತರಿಸಿಕೊಳ್ಳಲಾ?
– ಓದುಗಿ, ನ್ಯೂಜೆರ್ಸಿ

ಉತ್ತರ: ಬೇಡ. ಮಾವನವರಿಗೆ ಆ ಓಡಾಟ ಕೊಡಬೇಡಿ. ಮೂಲ ಪ್ರತಿಯೇ ಬೇಕು ಎಂದು ಸೂಚನೆಯಲ್ಲಿ ಇಲ್ಲದಿದ್ದರೆ ಓದಲು ಬರುವಂಥ ನಕಲು ಸಾಕು. ಕೇಳದೇ ಕಳಿಸಿದ ಮೂಲ ಪ್ರತಿ ಯುಎಸ್‌ಸಿಐಎಸ್‌ನವರ ಕಡತದಲ್ಲೇ ಉಳಿಯಬಹುದು, ವಾಪಸ್ ಬರುತ್ತದೆ ಎಂಬ ಭರವಸೆ ಇಲ್ಲ. ಪತ್ರದ ಎರಡೂ ಬದಿಯನ್ನು ಚೆನ್ನಾಗಿ ಸ್ಕ್ಯಾನ್ ಮಾಡಿ ಕಳಿಸಲು ಹೇಳಿ. ಫೋನಿನಲ್ಲಿ ಓರೆಯಾಗಿ ತೆಗೆದ ಫೋಟೋ ಬೇಡ.

ಕನ್ನಡದ ಪತ್ರಕ್ಕೆ ಪೂರ್ತಿ ಇಂಗ್ಲಿಷ್ ಅನುವಾದ ಜೊತೆಗಿರಲೇಬೇಕು. ಪೂರ್ತಿ ಅಂದರೆ ಮುದ್ರೆಯಲ್ಲಿರುವ 'ಉಪ ನೋಂದಣಾಧಿಕಾರಿ' ಎಂಬುದೂ ಸೇರಿ. ಕೊನೆಯಲ್ಲಿ ಅನುವಾದ ಮಾಡಿದವರು, ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣವಾಗಿದೆ ಮತ್ತು ಸರಿಯಾಗಿದೆ ಎಂದು ಬರೆದು ಸಹಿ ಹಾಕಬೇಕು. ನೋಟರಿ ಬೇಕಿಲ್ಲ, ದುಬಾರಿ ಏಜೆನ್ಸಿಯೂ ಬೇಕಿಲ್ಲ. ಎರಡೂ ಭಾಷೆ ಚೆನ್ನಾಗಿ ಬಲ್ಲ ಪರಿಚಯದವರು ಮಾಡಬಹುದು. ನೀವೇ ಮಾಡಿ ನೀವೇ ಸಹಿ ಹಾಕುವುದಕ್ಕಿಂತ ಮನೆಯವರಲ್ಲದ ಒಬ್ಬರಿಂದ ಮಾಡಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವನು. ಒಂದು ಲೈಸನ್ಸ್ ಅರ್ಜಿಯನ್ನು ಬೆಂಗಳೂರಿನ ಕಚೇರಿಗೆ 'ನೋಂದಾಯಿತ ಅಂಚೆಯಲ್ಲಿ ಮಾತ್ರ' ಕಳಿಸಬೇಕಂತೆ. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಪೋಸ್ಟ್ ಈಗ ಇಲ್ಲ ಅಂತಾರೆ. ಏನು ಮಾಡಲಿ?
– ಓದುಗ, ಹಾಸನ ಜಿಲ್ಲೆ

ಉತ್ತರ: ಅವರು ಹೇಳಿದ್ದು ನಿಜ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಕಚೇರಿಯ ಸೂಚನಾಪತ್ರದಲ್ಲಿ ಹಳೇ ಸಾಲು ಹಾಗೇ ಉಳಿದಿದೆ. ಕೌಂಟರ್‌ನಲ್ಲಿ 'ಸ್ಪೀಡ್ ಪೋಸ್ಟ್, ರಿಜಿಸ್ಟ್ರೇಷನ್ ಸಹಿತ' ಎಂದು ಕೇಳಿ. ಹೊಸ ದರ ಬಂದ ಅಕ್ಟೋಬರ್ 1ರಿಂದ ಅದಕ್ಕೆ ಹೆಚ್ಚುವರಿ 5 ರೂಪಾಯಿ ಮತ್ತು ಜಿಎಸ್‌ಟಿ. ಆಗ ಕವರ್ ಅನ್ನು ಯಾರ ಹೆಸರಿಗೆ ಬರೆದಿದೆಯೋ ಅವರಿಗೆ, ಇಲ್ಲವೇ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕೊಡುತ್ತಾರೆ, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಇದ್ದ ಹಾಗೇ. ಬರೀ ಸ್ಪೀಡ್ ಪೋಸ್ಟ್ ಮಾಡಿಸಿದರೆ ಆ ವಿಳಾಸದಲ್ಲಿ ಸಿಕ್ಕವರ ಕೈಗೆ ಕೊಟ್ಟು ಹೋಗಬಹುದು.

50 ಗ್ರಾಂ ಒಳಗಿದ್ದರೆ ಊರೊಳಗೆ 19 ರೂಪಾಯಿ, ಬೇರೆ ಊರಿಗೆ 47, ಜಿಎಸ್‌ಟಿ ಬೇರೆ. ಅರ್ಜಿಯ ಕಟ್ಟು ಅದಕ್ಕಿಂತ ಭಾರ ಇರುತ್ತದೆ, ತೂಕ ಹಾಕಿಸಿಯೇ ಕೊಡಿ. ರಸೀದಿಯಲ್ಲಿ ರಿಜಿಸ್ಟ್ರೇಷನ್ ನಮೂದಾಗಿದೆಯೇ ಎಂದು ಅಲ್ಲೇ ನಿಂತು ಓದಿ ನೋಡಿ, ಬಿಟ್ಟುಹೋಗಿದ್ದರೆ ಕೂಡಲೇ ಸರಿಮಾಡಿಸಿಕೊಳ್ಳಿ. ಸೂಚನಾಪತ್ರದ ಮಾತಿನ ಬಗ್ಗೆ ಅನುಮಾನವಿದ್ದರೆ ಕಳಿಸುವ ಮೊದಲೇ ಆ ಕಚೇರಿಗೆ ಫೋನ್ ಮಾಡಿ, ಯಾರ ಜೊತೆ ಮಾತಾಡಿದಿರಿ ಎನ್ನುವುದನ್ನು ರಸೀದಿಯ ಹಿಂದೆ ಬರೆದಿಟ್ಟುಕೊಳ್ಳಿ.